ಬಯೋಡೇಟಾದ ಕೊನೆಯ ಸಾಲು

ಷಡಕ್ಷರಿಯ ಬಯೋಡೇಟಾದಲ್ಲಿ ಹನ್ನೊಂದು ಸಾಲುಗಳಿದ್ದವು. ಹತ್ತು ನಿಜ. ಹನ್ನೊಂದನೆಯದು ಅವನ ಮಾನ ಕಳೆಯಿತು.

ಆ ಹತ್ತರಲ್ಲಿದ್ದದ್ದು ಹೊಳೆನರಸೀಪುರದಲ್ಲಿ ಯಾರನ್ನು ಕೇಳಿದರೂ ಹೇಳುವಂಥ ಸಂಗತಿ. ವಯಸ್ಸು ಮೂವತ್ತಾರು, ಪಂಪ್‌ಸೆಟ್ಟು ಮತ್ತು ಪೈಪಿನ ಸ್ವಂತ ಅಂಗಡಿ, ಮನೆಯಲ್ಲಿ ತಾಯಿ ನೀಲಾಂಬಿಕೆ, ಅರಕಲಗೂಡಿಗೆ ಕೊಟ್ಟ ಒಬ್ಬಳು ಅಕ್ಕ, ಇತ್ಯಾದಿ. ಇಷ್ಟನ್ನು ಓದಿ ಇಪ್ಪತ್ತಾರು ಮನೆಯವರು 'ಆಮೇಲೆ ಹೇಳ್ತೀವಿ' ಅಂದಿದ್ದರು. ಆ ಆಮೇಲೆ ಇನ್ನೂ ಯಾರ ಮನೆಯಲ್ಲೂ ಬಂದಿರಲಿಲ್ಲ. ಒಂದು ಕಾಲದಲ್ಲಿ ಗಂಡಿನವರು ಹೆಣ್ಣು ನೋಡಲು ಹೋಗಿ ಉಪ್ಪಿಟ್ಟು ತಿಂದು ಬರುತ್ತಿದ್ದರು. ಈಗ ಹೆಣ್ಣೇ ಬಂದು ಗಂಡನ್ನೂ ಮನೆಯನ್ನೂ ನೋಡಿ, ಉಪ್ಪಿಟ್ಟು ಮುಟ್ಟದೆ ಹೋಗುವ ಕಾಲ.

ಭಾನುವಾರ ಬೆಳಿಗ್ಗೆ ಮದುವೆ ಬ್ರೋಕರ್ ಶಶಿಕುಮಾರನ ಫೋನು ಬಂತು.

"ಷಡಕ್ಷರಿಯಣ್ಣ, ಗಡ್ಡ ಕೆರ್ಕಂಡು ರೆಡಿಯಾಗಿರು. ಆಸನದ ಪಾರ್ಟಿ ಇವತ್ತು ನಾಕು ಗಂಟೆಗೆ ಬತ್ತಾವ್ರೆ. ಉಡುಗೀನೂ ಬತ್ತಾಳೆ. ನಿನ್ ಬಯೋಡೇಟಾದ ಕೊನೇ ಲೈನ್ ಓದಿ ಒಪ್ಕಂಡ್ಬುಟ್ಟವ್ಳೆ ಕಣಣ್ಣ!"

"ಯಾವ ಲೈನೋ?"

"ಅದೇ, ನಿನ್ ಅವ್ಯಾಸದ್ದು."

ಷಡಕ್ಷರಿ ಮೊಬೈಲಿನಲ್ಲಿ ತನ್ನದೇ ಬಯೋಡೇಟಾ ತೆಗೆದು ಮೊದಲ ಸಲ ಕೊನೆಯವರೆಗೆ ಓದಿದ. 'ಹವ್ಯಾಸ: ಕ್ಲಾಸಿಕ್ ರಾಕ್ ಸಂಗೀತ, ಇಂಗ್ಲಿಷ್ ಸಿನಿಮಾ, ಮುಂಜಾನೆಯ ಏಕಾಂತ ನಡಿಗೆ.' ಮುಂಜಾನೆ ಅವನು ಹಾಲಿನ ಕ್ಯಾನು ಹಿಡಿದು ನಡೆಯುವುದು ನಿಜ. ಉಳಿದದ್ದು ಯಾರದೋ ಜೀವನ.

ಬರೆದವಳು ಅಕ್ಕನ ಮಗಳು ನಿಧಿ. ಡಿಗ್ರಿ ಓದುವ ಹುಡುಗಿ, ರಜೆಗೆಂದು ಅಜ್ಜಿಮನೆಗೆ ಬಂದಿದ್ದಳು.

"ಏನೇ ಇದು?"

"ಎಲ್ರೂ ಹೀಗೇ ಬರ್ಸೋದು ಮಾವ. ನಿನ್ ನಿಜವಾದ ಹವ್ಯಾಸ ಬರೀಬೇಕಿತ್ತಾ? ಟವಲ್ ಹಿಡ್ಕಂಡು ಅಳೋದು ಅಂತ?"

ಷಡಕ್ಷರಿ ತಲೆ ತಗ್ಗಿಸಿದ. ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಪ್ರತಿ ಭಾನುವಾರ ಮಧ್ಯಾಹ್ನ ಅಂಗಡಿ ಮುಚ್ಚಿ ಬಂದು, ಬಾಗಿಲು ಹಾಕಿಕೊಂಡು, ಅಣ್ಣ ತಂಗಿಯರ ಗೋಳಿನ ಹಳೆಯ ಕನ್ನಡ ಸಿನಿಮಾ ನೋಡುವುದು, ಬಿಕ್ಕಿ ಬಿಕ್ಕಿ ಅಳುವುದು, ಆಮೇಲೆ ಮುಖ ತೊಳೆದು ಏನೂ ಆಗದವನಂತೆ ಕಾಫಿ ಕುಡಿಯುವುದು ಅವನ ರೂಢಿ. ಸಿನಿಮಾಗಳು ಬರುತ್ತಿದ್ದದ್ದು ದಂಡಿಗನಹಳ್ಳಿಯ ರಜನೀಶನಿಂದ. ಡ್ರಿಪ್ ಪೈಪು ಕೊಳ್ಳಲು ಬರುತ್ತಿದ್ದ ರಜನೀಶನೂ ಮದುವೆಯಾಗದವನೇ, ಅದೇ ರೋಗದವನೇ. ತಿಂಗಳಿಗೊಮ್ಮೆ ಒಂದು ಕೆಂಪು ಪೆನ್‌ಡ್ರೈವ್ ತಂದು ಗುಟ್ಟಾಗಿ ಕೊಡುತ್ತಿದ್ದ. ಇಬ್ಬರಿಗೂ ಇದ್ದ ವ್ಯತ್ಯಾಸ ಒಂದೇ. ಷಡಕ್ಷರಿ ಹೇಗೋ ಇಂಟರ್‌ವಲ್‌ವರೆಗೆ ಕಣ್ಣೀರು ತಡೆಯುತ್ತಿದ್ದ. ರಜನೀಶನಿಗೆ ಟೈಟಲ್ ಮುಗಿಯುವಷ್ಟು ತಾಳ್ಮೆಯೂ ಇರಲಿಲ್ಲ.

ಇಂಥದ್ದೊಂದು ಚಟ ತನಗಿದೆ ಎಂದು ಷಡಕ್ಷರಿಗೆ ಬಹಳ ನಾಚಿಕೆಯಿತ್ತು. ಕುಡಿಯುತ್ತಿದ್ದರೆ ನಾಲ್ಕು ಜನರೆದುರು ಒಪ್ಪಿಕೊಳ್ಳಬಹುದಿತ್ತು.

ಆದರೆ ಹುಡುಗಿಯ ಫೋಟೋ ಅವನ ಮೊಬೈಲಿನಲ್ಲಿತ್ತು. ಪ್ರತಿಭಾ, ಮೂವತ್ತೊಂದು ವರ್ಷ, ಹಾಸನದಲ್ಲಿ ವಿಮಾ ಕಚೇರಿಯ ನೌಕರಿ. ಕನ್ನಡಕದ ಹಿಂದೆ ನಗು ತಡೆದುಕೊಂಡಂತಿದ್ದ ಆ ಮುಖವನ್ನು ಅವನು ಹದಿನೈದು ದಿನದಿಂದ ದಿನಕ್ಕೆ ಹತ್ತು ಸಲ ನೋಡಿದ್ದ. ಈ ಸಲವೂ ತಪ್ಪಿದರೆ ತನ್ನಿಂದ ತಡೆಯಲಾಗದು ಎಂದು ಅವನಿಗೆ ಗೊತ್ತಿತ್ತು.

"ಏನ್ ಮಾಡ್ಬೇಕು ಹೇಳು," ಎಂದ ಷಡಕ್ಷರಿ.

ಪಾಠ ಅಂಗಡಿಯಲ್ಲೇ ಶುರುವಾಯಿತು. ನಿಧಿ ಕೌಂಟರಿನ ಮೇಲೆ ಸ್ಪೀಕರ್ ಇಟ್ಟು, ಅವನು ಹುಟ್ಟುವ ಎಷ್ಟೋ ವರ್ಷ ಮೊದಲು ಉದ್ದ ಕೂದಲಿನ ಇಂಗ್ಲಿಷರು ಹಾಡಿದ್ದೊಂದನ್ನು ಹಾಕಿದಳು. ಗಿಟಾರು ಕಿರುಚಿಕೊಂಡಿತು. ಡ್ರಮ್ಮಿನವನು ಯಾರ ಮೇಲೋ ಸೇಡು ತೀರಿಸಿಕೊಳ್ಳುತ್ತಿದ್ದ. ಷಡಕ್ಷರಿ ಕಣ್ಣು ಮುಚ್ಚಿ ಶ್ರದ್ಧೆಯಿಂದ ಕೇಳಿದ.

ಅಷ್ಟರಲ್ಲಿ ಹಳ್ಳಿಮೈಸೂರಿನ ಗಂಗಯ್ಯ ಪೈಪು ಕೊಳ್ಳಲು ಬಂದವನು ಬಾಗಿಲಲ್ಲೇ ನಿಂತ. ನಲವತ್ತು ವರ್ಷ ಬೋರ್‌ವೆಲ್ ಮೋಟರಿನ ಜತೆ ಬಾಳಿದ ಮನುಷ್ಯ.

"ಬೇರಿಂಗ್ ಓಗೈತೆ ಸಾ, ಮೊದ್ಲು ಆಫ್ ಮಾಡಿ! ಕಾಯಿಲ್ ಸುಟ್ಟೋಯ್ತದೆ!"

"ಮೋಟ್ರಲ್ಲ ಗಂಗಯ್ಯ. ಹಾಡು."

ಗಂಗಯ್ಯ ಇನ್ನೊಂದು ನಿಮಿಷ ಕಿವಿಗೊಟ್ಟ. "ಆಡೇ ಇರ್ಬೋದು ಸಾ. ಆದ್ರೂ ಬೇರಿಂಗ್ ಓಗೈತೆ."

ಷಡಕ್ಷರಿಗೂ ಹಾಗೇ ಅನಿಸಿತ್ತು. ಹೇಳಲು ಧೈರ್ಯ ಬರಲಿಲ್ಲ. ನಿಧಿ ಅವನಿಗೆ ಮೂರು ವಾಕ್ಯ ಬಾಯಿಪಾಠ ಮಾಡಿಸಿದಳು. ಒಂದು, 'ಈಗಿನ ಹಾಡಲ್ಲಿ ಆ ಜೀವ ಇಲ್ಲ.' ಎರಡು, 'ಡ್ರಮ್ಸ್ ಕೇಳ್ದಾಗ ಮೈ ಜುಂ ಅನ್ನುತ್ತೆ.' ಮೂರು, 'ಅದನ್ನ ಹೇಳೋಕಾಗಲ್ಲ, ಅನುಭವಿಸ್ಬೇಕು.' ಯಾವ ಪ್ರಶ್ನೆಗೂ ಈ ಮೂರರಲ್ಲೊಂದು ಹೊಂದುತ್ತದೆ ಎಂದು ಅವಳ ಭರವಸೆ.

ಮಧ್ಯಾಹ್ನ ಮನೆಗೆ ಬಂದಾಗ ಅವಳೇ ಯಾರಿಂದಲೋ ತಂದಿಟ್ಟಿದ್ದ ಒಂದು ಕರಿಯ ಟೀ ಶರ್ಟನ್ನು ಅವನಿಗೆ ಹಾಕಿಸಿದಳು. ಎದೆಯ ಮೇಲೆ ತಲೆಬುರುಡೆಯ ಚಿತ್ರ. ನೀಲಾಂಬಿಕೆ ಅದನ್ನು ನೋಡಿ ಕೈಯಲ್ಲಿದ್ದ ಬೋಂಡ ತೆಗೆಯುವ ಜಾಲರಿ ಕೆಳಗೆ ಬಿಟ್ಟಳು.

"ಅಯ್ಯೋ ಶಿವನೇ! ಶುಭಕಾರ್ಯಕ್ಕೆ ಬುರುಡೆ ಹಾಕ್ಕಂಡು ನಿಂತಿದೀಯಲ್ಲೋ!"

"ಅಜ್ಜಿ, ಅದು ಸ್ಟೈಲು."

"ಸ್ಟೈಲೂ ಬೇಡ ಗೀಲೂ ಬೇಡ," ಎಂದು ಗೊಣಗಿದ ನೀಲಾಂಬಿಕೆ, ಬುರುಡೆಯ ದೋಷ ಹೋಗಲೆಂದು ಮಗನ ಹಣೆಗೆ ಮೂರು ಬೆರಳಲ್ಲಿ ದಟ್ಟವಾಗಿ ವಿಭೂತಿ ಎಳೆದಳು.

ಪಕ್ಕದ ಮನೆಯ ಹೊನ್ನಕ್ಕ ಕರೆಯದೆಯೇ ಬಂದಿದ್ದಳು. ಎರಡು ಮನೆಗೂ ನಡುವೆ ಒಂದೇ ಗೋಡೆ. ಪ್ರತಿ ಭಾನುವಾರ ಷಡಕ್ಷರಿಯ ಬಿಕ್ಕಳಿಕೆ ಕೇಳಿ 'ಇವತ್ತು ತಂಗಿ ಸತ್ಲಾ, ಅಣ್ಣ ಸತ್ನಾ?' ಎಂದು ವಿಚಾರಿಸುವ ಹೆಂಗಸು ಅವಳು. ಈಗ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಇಬೂತಿನೂ ಐತೆ, ಬುರುಡೆನೂ ಐತೆ. ಸುಡುಗಾಡಿಂದ ಶಿವಪ್ಪನೇ ಎದ್ ಬಂದಂಗೈತೆ ಬುಡಿ."

ಷಡಕ್ಷರಿ ಕನ್ನಡಿ ನೋಡಲಿಲ್ಲ. ಟಿವಿಗೆ ಸಿಕ್ಕಿಸಿದ್ದ ರಜನೀಶನ ಕೆಂಪು ಪೆನ್‌ಡ್ರೈವನ್ನು ಕಿತ್ತು, "ಹೊನ್ನಕ್ಕ, ಇದು ನಮ್ಮನೇಲಿರೋದು ಬೇಡ. ಸಂಜೆವರೆಗೂ ನಿನ್ ಹತ್ರ ಇಟ್ಕೊ" ಎಂದ. ಹೊನ್ನಕ್ಕ ಅದನ್ನು ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡು ಹೋದಳು.

ನಾಲ್ಕು ಗಂಟೆಗೆ ಕಾರು ಬಂತು. ಮುಂದೆ ಶಶಿಕುಮಾರ್, ಹಿಂದೆ ಪ್ರತಿಭಾ, ಅವಳ ತಂದೆ ನಟರಾಜಪ್ಪ. ನಟರಾಜಪ್ಪನವರು ನಿವೃತ್ತ ಹೆಡ್ ಕ್ಲರ್ಕು, ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿದ್ದ ಮೆತ್ತಗಿನ ಮನುಷ್ಯ. ಟಿವಿಯಲ್ಲಿ ಸಣ್ಣ ಸದ್ದಿನಲ್ಲಿ ಗಿಟಾರು ಕಿರುಚುತ್ತಿತ್ತು. ಎಲ್ಲರೂ ಕೂತರು. ಬೋಂಡ ಬಂತು. ಪ್ರತಿಭಾ ಒಂದು ಬೋಂಡ ತೆಗೆದುಕೊಂಡಳು. ಇಪ್ಪತ್ತಾರು ಮನೆಯವರಲ್ಲಿ ಯಾರೂ ಮಾಡದ ಕೆಲಸ ಅದು. ನೀಲಾಂಬಿಕೆ ಅಡುಗೆಮನೆಯ ಬಾಗಿಲಲ್ಲಿ ಕೈ ಮುಗಿದಳು.

"ನಿಮಗೆ ರಾಕ್ ಯಾಕಿಷ್ಟ?" ಎಂದು ಪ್ರತಿಭಾ ಕೇಳಿದಳು.

"ಡ್ರಮ್ಸ್ ಕೇಳ್ದಾಗ ಮೈ ಜುಂ ಅನ್ನುತ್ತೆ."

"ನಮ್ ಕಡೆ ಹಾಡು ಕೇಳಲ್ವಾ?"

"ಈಗಿನ ಹಾಡಲ್ಲಿ ಆ ಜೀವ ಇಲ್ಲ."

"ರಾಕ್ ಅಂದ್ರೆ ಏನು, ಸ್ವಲ್ಪ ಬಿಡಿಸಿ ಹೇಳ್ತೀರಾ?"

"ಅದನ್ನ ಹೇಳೋಕಾಗಲ್ಲ, ಅನುಭವಿಸ್ಬೇಕು."

ಪ್ರತಿಭಾ ನಕ್ಕಳು. ಫೋಟೋದಲ್ಲಿ ತಡೆದುಕೊಂಡಿದ್ದ ನಗು ಪೂರ್ತಿ ಹೊರಗೆ ಬಂತು. ಷಡಕ್ಷರಿಯ ಎದೆಯ ಮೇಲಿನ ಬುರುಡೆಯೂ ನಕ್ಕಂತಾಯಿತು. ಆದರೆ ಬಾಯಿಪಾಠದ ಮೂರೂ ಖರ್ಚಾಗಿದ್ದವು.

ನಟರಾಜಪ್ಪನವರು ಮೆಲ್ಲಗೆ ಕೇಳಿದರು. "ಹಳೇ ಕನ್ನಡ ಪಿಚ್ಚರ್ ಏನಾದ್ರೂ ನೋಡ್ತೀರಾ? ಅಣ್ಣ ತಂಗಿ, ಅಂಥದ್ದು?"

ಪ್ರತಿಭಾ ಅವನ ಮುಖವನ್ನೇ ನೋಡುತ್ತಿದ್ದಳು. "ಇಲ್ಲ ಸರ್. ಅಳೋ ಪಿಚ್ಚರ್ ನನಗಾಗಲ್ಲ. ಗಂಡಸರು ಅಳೋದಂತೂ... ಛೆ."

ಛೆ ಎಂದ ಕೂಡಲೇ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಉಂಡ ಮನೆಯನ್ನೇ ಬೈದಂತಾಯಿತು.

ಆಗಲೇ ಗೋಡೆಯ ಆಚೆಯಿಂದ ಹೊನ್ನಕ್ಕನ ಟಿವಿ ಗಟ್ಟಿಯಾಗಿ ಕೇಳಿಸಿತು. ಸುಮ್ಮನೆ ಇಟ್ಟುಕೊಳ್ಳಲು ಕೊಟ್ಟದ್ದನ್ನು ಹೊನ್ನಕ್ಕ ಸುಮ್ಮನೆ ಇಟ್ಟುಕೊಳ್ಳುವವಳಲ್ಲ. ಇದುವರೆಗೂ ಗೋಡೆಯ ಈಚೆಯ ಅಳು ಮಾತ್ರ ಕೇಳಿದ್ದವಳಿಗೆ, ಒಳಗೇನಿದೆ ಎಂದು ನೋಡಲು ಸಿಕ್ಕ ಮೊದಲ ಅವಕಾಶ ಇದು.

'ಅಣ್ಣಾ, ನನ್ನ ಬಾಗಿಲಿಗೆ ಯಾಕೆ ಬಂದೆ?' ಎಂದಿತು ಒಂದು ಹೆಣ್ಣು ದನಿ.

ಷಡಕ್ಷರಿ ಕುರ್ಚಿಯ ಕೈ ಬಿಗಿಯಾಗಿ ಹಿಡಿದ. ಅಣ್ಣ ಬರಿಗಾಲಲ್ಲಿ ಮಳೆಯಲ್ಲಿ ನಿಂತಿರುವ ದೃಶ್ಯ ಅದು. ಅವನು ಇಪ್ಪತ್ತು ಸಲ ನೋಡಿ ಇಪ್ಪತ್ತೊಂದು ಸಲ ಅತ್ತ ದೃಶ್ಯ.

'ನಿನ್ನ ಮಗುವಿನ ಹೆಸರು ಕೇಳ್ಕೊಂಡು ಹೋಗೋಣ ಅಂತ ಬಂದೆ ತಂಗಿ. ಒಳಗೆ ಬರಲ್ಲ. ಹೆಸರು ಹೇಳು ಸಾಕು.'

ನಿಧಿ ಟಿವಿಯ ಗಿಟಾರನ್ನು ಜೋರು ಮಾಡಿದಳು. ಉಪಯೋಗವಾಗಲಿಲ್ಲ. ಮೊದಲ ಹನಿ ಬೋಂಡದ ತಟ್ಟೆಗೆ ಬಿತ್ತು. ಎರಡನೆಯದಕ್ಕೆ ಷಡಕ್ಷರಿ ಟೀ ಶರ್ಟು ಎತ್ತಿ ಮುಖ ಒರೆಸಿಕೊಂಡ. ವಿಭೂತಿಯೆಲ್ಲ ಬುರುಡೆಗೆ ಮೆತ್ತಿತು. ಆಮೇಲೆ ತಡೆಯಲಾಗಲಿಲ್ಲ. ಹುಡುಗಿ, ಹುಡುಗಿಯ ಅಪ್ಪ, ಬ್ರೋಕರ್, ಎಲ್ಲರೆದುರು ಹೋ ಎಂದು ಅತ್ತುಬಿಟ್ಟ.

"ಸುಳ್ಳು ಕಣ್ರೀ!" ಎಂದ. "ರಾಕೂ ಗೊತ್ತಿಲ್ಲ, ಗೀಕೂ ಗೊತ್ತಿಲ್ಲ. ನಂಗದು ಬೇರಿಂಗ್ ಹೋದ ಮೋಟ್ರು ಸದ್ದಿನ ಹಾಗೆ ಕೇಳುತ್ತೆ. ಭಾನುವಾರ ಆದ್ರೆ ಇದೇ ಪಿಚ್ಚರ್ ನೋಡ್ತೀನಿ, ಇದೇ ಥರ ಅಳ್ತೀನಿ. ನಾಚಿಕೆ ಆಗುತ್ತೆ ನಂಗೆ. ಆದ್ರೆ ನಿಮಗೆ ಸುಳ್ ಹೇಳೋದಕ್ಕೆ ಅದಕ್ಕಿಂತ ನಾಚಿಕೆ ಆಗುತ್ತೆ."

ಆಗ ಇನ್ನೊಂದು ಬಿಕ್ಕಳಿಕೆ ಕೇಳಿಸಿತು, ಅದು ಷಡಕ್ಷರಿಯದಲ್ಲ. ನಟರಾಜಪ್ಪನವರು ಜೇಬಿನಿಂದ ದೊಡ್ಡ ಕರ್ಚೀಫು ತೆಗೆದು ಮುಖ ಮುಚ್ಚಿಕೊಂಡಿದ್ದರು.

"ಈಗ ಅವಳು ಹೆಸರು ಹೇಳ್ತಾಳೆ..." ಎಂದರು ಅವರು.

"ಅಣ್ಣನ ಹೆಸರೇ ಇಟ್ಟಿರ್ತಾಳೆ ಸರ್..." ಎಂದ ಷಡಕ್ಷರಿ.

ಇಬ್ಬರೂ ಗೋಡೆಯ ಕಡೆ ತಿರುಗಿ ಮತ್ತೊಂದು ಸುತ್ತು ಅತ್ತರು. ಆಚೆಯಿಂದ ಹೊನ್ನಕ್ಕನೂ ಸೇರಿಕೊಂಡಳು. ನೀಲಾಂಬಿಕೆ ಸೆರಗಿನಿಂದ ಕಣ್ಣೊರೆಸಿಕೊಂಡು, ಕೆಲಸ ಕೂಡಿಬಂತು ಎಂದೇ ತಿಳಿದು ಸಕ್ಕರೆ ಡಬ್ಬಿ ಹುಡುಕಲು ಒಳಗೆ ಹೋದಳು. ಪ್ರತಿಭಾ ಎದ್ದು ನಿಂತಳು. ಷಡಕ್ಷರಿ ಒದ್ದೆ ಕಣ್ಣಲ್ಲಿ ಅವಳನ್ನು ನೋಡಿದ. ಸಿನಿಮಾದಲ್ಲಾದರೆ ಇಂಥ ಹೊತ್ತಲ್ಲಿ ನಾಯಕಿ ಕರಗುತ್ತಾಳೆ.

"ನೀವು ನಿಜ ಹೇಳಿದ್ದು ಒಳ್ಳೇದಾಯ್ತು," ಎಂದಳು ಪ್ರತಿಭಾ. "ನಾನೂ ನಿಜ ಹೇಳ್ತೀನಿ. ನನಗೂ ರಾಕ್ ಗೊತ್ತಿಲ್ಲ. ಅಮ್ಮ ಹೋದಾಗಿಂದ ನಮ್ಮಪ್ಪನ ಕಣ್ಣೀರಿನ ಟವಲ್ ಒಗೀತಾ ಇದೀನಿ. ನಮ್ಮನೇಲಿ ಭಾನುವಾರ ಬಂದ್ರೆ ಸಾವಿನ ಮನೆ ಇದ್ದಂಗಿರುತ್ತೆ. ಇಂಗ್ಲಿಷ್ ಹಾಡು ಕೇಳೋನು ಅಂದ್ರೆ ಅಳೋ ಪೈಕಿ ಇರಲಿಕ್ಕಿಲ್ಲ ಅಂತ ಅಷ್ಟಕ್ಕೇ ಬಂದೆ. ಒಬ್ಬರದು ಒಗ್ದಿದ್ದು ಸಾಕು. ಎರಡನೇ ಟವಲ್ ನನ್ ಕೈಲಾಗಲ್ಲ. ಅಪ್ಪಾ, ಏಳಿ."

ಇಪ್ಪತ್ತಾರು ಮನೆಯವರೂ ಆಮೇಲೆ ಹೇಳುತ್ತೇವೆ ಅಂದಿದ್ದರು. ಆಗಿಂದಾಗಲೇ ಹೇಳಿದವಳು ಇವಳೊಬ್ಬಳೇ. ಅವಳು ಅರ್ಧ ತಿಂದ ಬೋಂಡ ತಟ್ಟೆಯಲ್ಲೇ ಉಳಿಯಿತು. ಬಾಗಿಲಲ್ಲಿ ಶಶಿಕುಮಾರ್ ಹಲ್ಲು ಕಚ್ಚಿ, "ಇನ್ನೈದು ನಿಮಿಷ ತಡ್ಕಳಕ್ಕಾಗ್ಲಿಲ್ವೇನಣ್ಣ?" ಎಂದು ಹೊರಟ. ಆ ರಾತ್ರಿ ಷಡಕ್ಷರಿ ಊಟ ಮಾಡಲಿಲ್ಲ. ಅವಮಾನದಿಂದ ಒಂದು ವಾರ ಅಂಗಡಿಗೆ ಹಿಂದಿನ ಓಣಿಯಿಂದ ಹೋಗಿ ಬಂದ.

ಮುಂದಿನ ಭಾನುವಾರ ಎರಡು ಗಂಟೆಗೆ ಯಾರೋ ಬಾಗಿಲು ತಟ್ಟಿದರು. ತೆಗೆದರೆ ಹಾಸನದ ನಟರಾಜಪ್ಪ, ಒಬ್ಬರೇ. ಮಗಳ ಮನಸ್ಸು ತಿರುಗಿರಬಹುದೇ?

"ಆ ಪಿಚ್ಚರ್ ಅರ್ಧಕ್ಕೇ ನಿಂತೋಯ್ತಲ್ಲಪ್ಪ," ಎಂದರು ಅವರು ಸಂಕೋಚದಿಂದ. ಕೈಚೀಲದಲ್ಲಿ ಒಗೆದು ಮಡಿಸಿದ ಟವಲ್ ಇತ್ತು. "ಮನೇಲಿ ಮಗಳು ಬಿಡಲ್ಲ."

ಅಂದಿನಿಂದ ಅವರು ಭಾನುವಾರ ತಪ್ಪಿಸಲಿಲ್ಲ. ಹನ್ನೆರಡರ ಬಸ್ಸಿಗೆ ಹೊರಟು ಬಂದು, ನೀಲಾಂಬಿಕೆಯ ಕೈಯ ಮುದ್ದೆ ಉಂಡು, ಸಿನಿಮಾ ನೋಡಿ, ಟವಲನ್ನು ಅಲ್ಲೇ ಬಿಟ್ಟು ಹೋಗುತ್ತಿದ್ದರು. ಅದನ್ನು ಒಗೆಯುತ್ತಿದ್ದವನು ಷಡಕ್ಷರಿ. ಹೆಣ್ಣು ದಕ್ಕದಿದ್ದರೂ ಮಾವ ದಕ್ಕಿದ ಎಂದು ಹೊನ್ನಕ್ಕ ಬೀದಿಗೆಲ್ಲ ಸಾರಿದಳು.

ಮೂರು ತಿಂಗಳ ಮೇಲೆ ಒಂದು ಭಾನುವಾರ ಅವರು ಕೈಚೀಲದಲ್ಲಿ ಅರಿಶಿನ ಹಚ್ಚಿದ ಲಗ್ನಪತ್ರಿಕೆ ತಂದರು.

"ಪ್ರತಿಭಾಗೆ ಗಂಡು ಗೊತ್ತಾಯ್ತು ಕಣಪ್ಪ. ಅದೇ ಶಶಿಕುಮಾರ್ ನೋಡಿದ್ದು. ಹುಡುಗ ಕಲ್ಲು ಮನಸ್ಸಿನೋನಂತೆ. ಕನ್ನಡ ಪಿಚ್ಚರ್ ಕಡೆ ತಲೆ ಹಾಕಿಯೂ ಮಲಗಲ್ವಂತೆ. ಬಯೋಡೇಟಾದಲ್ಲೇ ಬರೆದಿತ್ತು, ಕ್ಲಾಸಿಕ್ ರಾಕ್ ಸಂಗೀತ, ಇಂಗ್ಲಿಷ್ ಸಿನಿಮಾ, ಮುಂಜಾನೆಯ ಏಕಾಂತ ನಡಿಗೆ ಅಂತ. ಅವಳು ನೋಡಿದ ತಕ್ಷಣ ಒಪ್ಪಿದ್ಲು."

ಷಡಕ್ಷರಿ ಪತ್ರಿಕೆ ಬಿಡಿಸಿ ವರನ ಹೆಸರು ಓದಿದ. ಚಿ. ರಾ. ರಜನೀಶ್, ದಂಡಿಗನಹಳ್ಳಿ.

ಹೇಳಬೇಕೆಂದು ಬಾಯಿ ತೆರೆದ. ಹಿಂದೊಮ್ಮೆ ನಿಜ ಹೇಳಿ ಏನಾಯಿತು ಎಂಬುದು ನೆನಪಾಗಿ ಮುಚ್ಚಿಕೊಂಡ. ಟಿವಿಗೆ ಅದೇ ರಜನೀಶನ ಕೆಂಪು ಪೆನ್‌ಡ್ರೈವ್ ಸಿಕ್ಕಿಸಿ ಬಂದು ನಟರಾಜಪ್ಪನವರ ಪಕ್ಕದಲ್ಲಿ ಕೂತ. ಪರದೆಯ ಮೇಲೆ ಹೆಸರುಗಳು ಬರತೊಡಗಿದವು.

"ಏನಯ್ಯ ಷಡಕ್ಷರಿ," ಎಂದರು ನಟರಾಜಪ್ಪನವರು ಅಚ್ಚರಿಯಿಂದ, ಟವಲಿನ ಒಂದು ತುದಿಯನ್ನು ಅವನ ಕಡೆ ಚಾಚುತ್ತ. "ಇನ್ನೂ ಟೈಟಲ್ಲೇ ಮುಗ್ದಿಲ್ಲ, ಆಗ್ಲೇ ಶುರು ಮಾಡ್ಬಿಟ್ಯಾ?"