ಕಾಲು ಹೊಟ್ಟೆ, ಅರ್ಧ ಗುಡ್ಡೆ

ಒಂದು ಊಟ ನೆಟ್ಟಗೆ ಮುಗಿದ ದಿನ ನನಗೆ ನೆನಪಿಲ್ಲ. ತಮಿಳುನಾಡಿನ ನಮ್ಮ ಪೆನ್ನಾಗರಂ ಕಡೆ ಎಲೆ ಹಾಸಿದರೆ ಸಾಕು, ಯಾರಾದರೊಬ್ಬರು ನನ್ನ ಹೊಟ್ಟೆಯ ಪಂಚಾಯ್ತಿಗೆ ಕೂತೇ ಕೂರುತ್ತಾರೆ.

ಮಗಳ ಬಸಿರಲ್ಲಿ ಬಂದ ಸಕ್ಕರೆ ಕಾಯಿಲೆ ಹೆರಿಗೆ ಆದ ಮೇಲೂ ಹೋಗಲಿಲ್ಲ. ಮೈ ಇಳಿಯಲಿಲ್ಲ, ಕೊಡ ಎತ್ತಿದರೆ ಉಸಿರು ಸಿಕ್ಕುತ್ತಿರಲಿಲ್ಲ. ಸೇಲಂನ ಡಾಕ್ಟರು ಆಪರೇಷನ್ ಮಾಡಿ ಹೊಟ್ಟೆಯ ಮುಕ್ಕಾಲು ಭಾಗ ತೆಗೆದರು. ಎರಡು ವರ್ಷವಾಯಿತು. ಮೈ ಇಳಿಯಿತು, ಸಕ್ಕರೆ ಮಾತ್ರೆ ನಿಂತಿತು. ಆದರೆ ಉಳಿದ ಹೊಟ್ಟೆ ಒಂದು ಬಾಳೆಕಾಯಿಯಷ್ಟು. ತೆಗೆದದ್ದು ಮತ್ತೆ ಬೆಳೆಯುವುದಿಲ್ಲ. ಒಂದು ತುತ್ತು ಹೆಚ್ಚಾದರೆ ವಾಂತಿ. ಸಿಹಿ ತಿಂದರೆ ಬೆವರು, ಎದೆಬಡಿತ, ತಲೆಸುತ್ತು. ಬಲವಂತವಾಗಿ ತುಂಬುತ್ತಾ ಹೋದರೆ ಇದೂ ಹಿಗ್ಗುತ್ತದೆ, ಆಮೇಲೆ ಸಕ್ಕರೆ ಕಾಯಿಲೆ ವಾಪಸ್ ಬಂದರೆ ನನ್ನ ಕೇಳಬೇಡ ಅಂದಿದ್ದಾರೆ ಡಾಕ್ಟರು.

ಇದನ್ನು ನಾನು ಹೇಳದ ನೆಂಟರಿಲ್ಲ, ನಂಬಿದ ನೆಂಟರೂ ಇಲ್ಲ. ದಪ್ಪಗಿದ್ದಾಗ "ಅಕ್ಕಿ ಮೂಟೆ ಬಂತು" ಎಂದು ನಕ್ಕ ಬಾಯಿಗಳೇ ಈಗ "ತಿನ್ನು, ತಿನ್ನು" ಎಂದು ಪ್ರಾಣ ತಿನ್ನುತ್ತವೆ.

ಮಿಕ್ಕಿದ್ದು ಎಲ್ಲಿ?

ನನ್ನ ಗಂಡನ ದೊಡ್ಡಪ್ಪನನ್ನು ನಾನು ದೊಡ್ಡಮಾವ ಅನ್ನುತ್ತೇನೆ. ಕುರಿ ಕಾಯ್ದೇ ತಲೆ ನರೆಸಿದವರು. ಮರಿ ಕಡಿದರೆ ಹೊಟ್ಟೆ, ಕರುಳು ತೊಳೆಯುವ ಕೆಲಸ ಅವರದು. ಬಾಯಲ್ಲಿ ಒಂದೂ ಹಲ್ಲಿಲ್ಲ, ಮಾತಿಗೇನೂ ಕಮ್ಮಿಯಿಲ್ಲ. ಆಪರೇಷನ್ನಿನ ಮಾರನೇ ದಿನ ನನ್ನ ಮಂಚದ ಪಕ್ಕ ನಿಂತಿದ್ದ ಡಾಕ್ಟರನ್ನು ಹಿಡಿದುಕೊಂಡು, ಕೊಯ್ದ ಹೊಟ್ಟೆ ಎಲ್ಲಿ ಎಂದು ತಮಿಳಲ್ಲಿ ವಿಚಾರಿಸಿದರು.

ಪರೀಕ್ಷೆಗೆ ಕಳಿಸಿದ್ದೇವೆ ಅಂದರು ಡಾಕ್ಟರು.

"ಸುಣ್ಣ ಹಾಕಿ ತೊಳೆದ್ರಾ?"

ಡಾಕ್ಟರು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ.

"ಬಿಸಿನೀರಲ್ಲಿ ಅದ್ದಿ ಒಳಗಿನ ಪದರ ಹೆರೆದ್ರಾ? ಇಲ್ದಿದ್ರೆ ವಾಸನೆ ಹೋಗಲ್ಲ."

"ಐಯಾ, ಅದು ಮನುಷ್ಯರದು."

"ಇರ್ಲಿ, ತೊಳೆಯೋದೇನು ಬೇರೆಯಾ?"

ನಕ್ಕರೆ ಹೊಲಿಗೆ ನೋಯುತ್ತಿತ್ತು, ಸಿಟ್ಟು ಮಾಡಿದರೆ ಇನ್ನೂ ನೋಯುತ್ತಿತ್ತು. ದೊಡ್ಡಮಾವ ಊರಿಗೆ ಹೋಗಿ ಕಂಡಕಂಡವರಿಗೆ ಹೇಳಿದರು: "ಮುಕ್ಕಾಲು ಅವ್ರೇ ಮಡೀಕಂಡು ಕಾಲು ನಮ್ಗೆ ಕೊಟ್ಟವ್ರೆ. ಟೌನಿನೋರ ಪಾಲು ಇಂಗೇ ಕಣಪ್ಪ."

ಮಗಳ ತಟ್ಟೆ

ಚಿಕ್ಕ ತಟ್ಟೆಯಲ್ಲಿ ಉಣ್ಣು ಎಂದಿದ್ದರು ಡಾಕ್ಟರು. ಮಗಳದೊಂದು ಆನೆ ಚಿತ್ರದ ತಟ್ಟೆ ಇತ್ತು, ಅದರಲ್ಲೇ ಉಣ್ಣುತ್ತಿದ್ದೆ. ಪಕ್ಕದ ಮನೆಯಾಕೆ ಮೊಸರು ಕೇಳಲು ಬಂದವಳು ಅದನ್ನು ನೋಡಿದಳು. ಸಂಜೆ ಹೊತ್ತಿಗೆ ನೀರಿನ ಕೊಳಾಯಿಯ ಹತ್ತಿರ ಒಂದೇ ಮಾತು: ಆ ಮನೆಯಲ್ಲಿ ಸೊಸೆಗೆ ಕೂಸಿನ ತಟ್ಟೆಯಲ್ಲಿ ಹಾಕಿ ಒಣಗಿಸುತ್ತಿದ್ದಾರೆ.

ಅತ್ತೆಗೆ ಮಾನ ಹೋದಂತಾಯಿತು. ಮಾರನೇ ದಿನ ಮಧ್ಯಾಹ್ನ ಬೀದಿಗೆ ಕಾಣುವಂತೆ ಜಗುಲಿಯ ಮೇಲೆ ಚಾಪೆ ಹಾಸಿ, ಮನೆಯಲ್ಲಿರುವ ದೊಡ್ಡ ತಟ್ಟೆಯಲ್ಲಿ ನನ್ನ ತಲೆಯಷ್ಟು ದಪ್ಪದ ಮುದ್ದೆ ಇಟ್ಟರು.

"ಒಟ್ಟೆಗೆ ಇಡ್ಸಲ್ಲ ಅತ್ತೆ."

"ನಿನ್ ಒಟ್ಟೆಗೆ ಯಾರು ಇಟ್ರು? ಊರು ನೋಡ್ಲಿ ಅಂತ ಇಟ್ಟಿರೋದು. ತಿನ್ನು."

ನನಗೆ ರೇಗಿತು. ಪಕ್ಕದ ಮನೆ ಕಡೆ ತಿರುಗಿ ಕೂಗಿದೆ, "ಅಕ್ಕಾ, ಬನ್ನಿ. ನಮ್ಮತ್ತೆ ನಿಮ್ಗೋಸ್ಕರ ಬಡ್ಸವ್ರೆ."

ನಾಚಿಕೊಂಡು ಒಳಗೆ ಹೋಗುತ್ತಾಳೆ ಅಂದುಕೊಂಡಿದ್ದೆ. ಆಕೆ ಕೈ ತೊಳೆದುಕೊಂಡೇ ಬಂದಳು. ಮುದ್ದೆ ಪೂರ್ತಿ ನುಂಗಿ, ಎರಡನೇ ಸಲ ಸಾರು ಹಾಕಿಸಿಕೊಂಡು, ಉಪ್ಪು ಸ್ವಲ್ಪ ಕಮ್ಮಿ ಅಂದಳು. ನನ್ನ ವಾಂತಿಗೆ ಒಂದು ದಿನವೂ ಮರುಗದ ಅತ್ತೆ ಆ ಮುದ್ದೆಗೆ ಇವತ್ತಿಗೂ ಮರುಗುತ್ತಾರೆ.

ಬಸ್ಸಿನಲ್ಲಿ ಬಸಿರು

ಕೊಳತ್ತೂರಿಗೆ ಹೋಗಿದ್ದಾಗ ನಾದಿನಿ "ನನ್ನಾಣೆ" ಎಂದು ಎಲೆಗೆ ಎರಡು ಸೌಟು ಅನ್ನ ಸುರಿದಳು. ಅವಳ ಆಣೆ ಮೇಚೇರಿ ದಾಟುವ ಮೊದಲೇ ಬಸ್ಸಿನ ಕಿಟಕಿಯಿಂದ ಆಚೆ ಹೋಯಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನ ಕೈಗೊಂದು ನಿಂಬೆಹಣ್ಣು ಕೊಟ್ಟು, "ಎತ್ತನೆ ಮಾಸಂ?" ಅಂದಳು. ಎಷ್ಟು ತಿಂಗಳು ಎಂದು ಕೇಳುತ್ತಿದ್ದಾಳೆ.

ಹೊಟ್ಟೆ ಉರಿಯುತ್ತಿತ್ತು. ಆಪರೇಷನ್ ಆದ ಲೆಕ್ಕ ಹಿಡಿದು "ಇಪ್ಪತ್ನಾಲ್ಕು" ಅಂದೆ.

ಆಕೆ ನಿಂಬೆಹಣ್ಣು ವಾಪಸ್ ತೆಗೆದುಕೊಂಡು ಆ ಕಡೆ ತಿರುಗಿ ಕೂತಳು.

ಅದೇ ಬಸ್ಸಿನಲ್ಲಿ ನಮ್ಮೂರಿನವಳೊಬ್ಬಳಿದ್ದಳು, ಅವಳ ಕೈಯಲ್ಲಿ ಫೋನೂ ಇತ್ತು. ನಾನು ಮನೆ ಮುಟ್ಟುವ ಹೊತ್ತಿಗೆ ಅತ್ತೆ ಪಾಯಸದ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದರು.

"ಅದೇನೂ ಇಲ್ಲ ಅತ್ತೆ. ಅನ್ನ ಜಾಸ್ತಿಯಾಗಿ ವಾಂತಿ ಆಯ್ತು."

"ಎಲ್ರೂ ಮೊದ್ಲು ಇಂಗೇ ಅಂತಾರೆ. ಬಾಯಿ ತೆಗಿ."

ಲೋಟ ಬಾಯಿಗೇ ಬಂತು. ಸ್ವಲ್ಪ ಹೊತ್ತಿಗೆ ಬೆವರು ಕಿತ್ತುಕೊಂಡಿತು, ಎದೆ ಢವಗುಟ್ಟಿತು, ಕಣ್ಣು ಕತ್ತಲಿಟ್ಟು ಹೊಸ್ತಿಲ ಮೇಲೆ ಕುಸಿದು ಕೂತೆ. ಮಗಳು ಹೆದರಿ ಅಳುತ್ತಿದ್ದಳು. ಅತ್ತೆ ಬೀದಿಗೆ ಹೋಗಿ ಸಾರಿದರು: "ತಲೆ ಸುತ್ತೂ ಬಂತು. ಈ ಸಲ ಗಂಡೇ."

ಅರ್ಧ ಗುಡ್ಡೆ

ಮನೆದೇವರಿಗೆ ನಮ್ಮ ಕುಲದವರು ಎರಡು ಮರಿ ಕಡಿಯುತ್ತಾರೆ. ಒಂದು ಅಲ್ಲೇ ಬೇಯುತ್ತದೆ. ಇನ್ನೊಂದರ ಮಾಂಸವನ್ನು ಎಲೆಗಳ ಮೇಲೆ ಗುಡ್ಡೆ ಹಾಕಿ ಹಸಿಯಾಗಿಯೇ ಹಂಚುತ್ತಾರೆ. ದೊಡ್ಡವರಿಗೆ ಒಂದು ಗುಡ್ಡೆ, ಮಕ್ಕಳಿಗೆ ಅರ್ಧ, ಹಲ್ಲು ಮೂಡದ ಕೂಸಿಗೆ ಏನೂ ಇಲ್ಲ. ಇದು ಕುಲದ ಕಟ್ಟು, ಹಂಚುವವರು ದೊಡ್ಡಮಾವ. ಅವರ ಲೆಕ್ಕಕ್ಕೆ ಎದುರು ಮಾತಾಡಿದವರಿಲ್ಲ.

ಈ ಸಲ ನಮ್ಮ ಮನೆ ಪಾಲು ನೋಡಿದೆ. ಅತ್ತೆಗೊಂದು ಗುಡ್ಡೆ, ಗಂಡನಿಗೊಂದು, ಮಗಳಿಗೆ ಅರ್ಧ. ಅದರ ಪಕ್ಕ ಇನ್ನೊಂದು ಅರ್ಧ.

"ಮಾವ, ನಂದು ಅರ್ಧ ಯಾಕೆ?"

"ನಿಂಗೆ ಕಾಲೊಟ್ಟೆ ತಾನೆ? ಅರ್ಧ ಆಕಿದ್ದೇ ಜಾಸ್ತಿ."

ಸುತ್ತ ನಿಂತಿದ್ದವರೆಲ್ಲ, ನ್ಯಾಯ, ನ್ಯಾಯ ಎಂದು ತಲೆಯಾಡಿಸಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಎರಡು ವರ್ಷ ಗಂಟಲು ಹರಿದುಕೊಂಡರೂ ಒಬ್ಬರೂ ನಂಬದ ನನ್ನ ಹೊಟ್ಟೆಯನ್ನು ಮಾಂಸ ಹಂಚುವ ದಿನ ಇಡೀ ಕುಲ ನಂಬಿತ್ತು.

"ಬಡ್ಸೋವಾಗ ತುಂಬೊಟ್ಟೆ, ಹಂಚೋವಾಗ ಕಾಲೊಟ್ಟೆನಾ ಮಾವ?"

"ಕಟ್ಟು ಅಂದ್ಮೇಲೆ ಕಟ್ಟು."

"ಸರಿ. ಹಲ್ಲಿಲ್ದೋರಿಗೆ ಪಾಲಿಲ್ಲ ಅನ್ನೋದೂ ನಿಮ್ ಕಟ್ಟೇ ತಾನೆ? ಎಲ್ಲಿ, ಒಂದ್ಸಲ ಬಾಯಿ ತೆಗೀರಿ."

ದೊಡ್ಡಮಾವ ತೆರೆದಿದ್ದ ಬಾಯನ್ನು ಮುಚ್ಚಿದರು. ನ್ಯಾಯ ಅಂದವರೇ ಹೊಟ್ಟೆ ಹಿಡಿದುಕೊಂಡು ನಕ್ಕರು. ದೊಡ್ಡಮಾವ ಯಾರ ಮುಖವನ್ನೂ ನೋಡದೆ ತಮ್ಮ ಗುಡ್ಡೆಯಿಂದ ಎರಡು ಹಿಡಿ ತೆಗೆದು ನನ್ನದಕ್ಕೆ ಹಾಕಿದರು. ನಾನು ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ, "ಮಾವ, ಉಣ್ಣೋವಾಗ ನನ್ ಎಲೆಗೆ ಯಾರೂ ಸುರೀದಂಗೆ ನೋಡ್ಕಳಿ. ನಿಮ್ ಹಲ್ಲಿನ ಮಾತು ನಾನು ಎತ್ತಾಕಿಲ್ಲ."

ಮಧ್ಯಾಹ್ನ ಎಲೆ ಹಾಸಿದರು. ನಾಲ್ಕು ತುತ್ತು ತಿಂದು ನಿಲ್ಲಿಸಿದೆ. ಅತ್ತೆ ಸಾರಿನ ಸೌಟು ಹಿಡಿದು ಬಂದರು. "ದೇವ್ರ ಊಟ. ಬ್ಯಾಡ ಅನ್ಬಾರ್ದು."

ಗಂಡಸರ ಸಾಲಿನಿಂದ ದೊಡ್ಡಮಾವನ ಕೂಗು ಬಂತು. "ಏನಮ್ಮೋ, ಅವ್ಳ ಎಲೆ ತಂಟೆಗೆ ಓಗ್ಬೇಡ. ಅಲ್ಲಿ ಒಂದು ಸೌಟು ಬಿದ್ರೆ ಇಲ್ಲಿ ನನ್ ಗುಡ್ಡೆ ಓಯ್ತದೆ."

ಸೌಟು ಗಾಳಿಯಲ್ಲೇ ನಿಂತಿತು. ಅಷ್ಟರೊಳಗೆ ನಾನು ಎಲೆ ಮಡಚಿಬಿಟ್ಟೆ. ಎರಡು ವರ್ಷದಲ್ಲಿ ವಾಂತಿಗೆ ಮೊದಲೇ ಎದ್ದ ಮೊದಲನೇ ಹಬ್ಬದೂಟ ಅದು.

ಎತ್ತಿದ ಸೌಟನ್ನು ಸುಮ್ಮನೆ ಇಳಿಸುವ ಹೆಂಗಸಲ್ಲ ನಮ್ಮತ್ತೆ. ನೆಟ್ಟಗೆ ಗಂಡಸರ ಸಾಲಿಗೆ ಹೋದರು. ಸೌಟಿನ ತುಂಬ ಮೂಳೆ ಇತ್ತು. ಅಷ್ಟನ್ನೂ ದೊಡ್ಡಮಾವನ ಎಲೆಗೆ ಸುರಿದು, ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತರು.

"ಹಂಗಾದ್ರೆ ನೀವೇ ಅಗೀರಿ ಭಾವ. ಊರು ನೋಡ್ಲಿ."