ಆಟದೊಳಗಿಂದ ತೆಗೆದ ಕೆರೆ

ನಕ್ಷೆಯಲ್ಲಿ ಇರುವುದು ನೆಲದ ಮೇಲೂ ಇರತಕ್ಕದ್ದು, ಇಲ್ಲದ್ದು ಇರಕೂಡದು ಎಂಬುದು ಪಟ್ಟಣ ಯೋಜನಾ ಕಚೇರಿಯ ಮೂಲ ನಿಯಮ. ಕಚೇರಿಯ ಏಕೈಕ ನಕ್ಷೆಯನ್ನು ಗೆದ್ದಲು ತಿಂದ ಮೇಲೆ ಕಾನೂನಿನ ಪ್ರಕಾರ ಪಟ್ಟಣವೇ ಇಲ್ಲವಾಗಿತ್ತು. ತೆರಿಗೆ ಮಾತ್ರ ತಪ್ಪದೆ ವಸೂಲಾಗುತ್ತಿದ್ದುದರಿಂದ ಯಾರಿಗೂ ಅನುಮಾನ ಬರಲಿಲ್ಲ.

ನಕ್ಷೆಯಿಲ್ಲದ ಕಚೇರಿಯಲ್ಲಿ ನಕ್ಷೆಗಾರನಿಗೆ ಕೈತುಂಬ ಬಿಡುವು. ಅದನ್ನು ಅವನು ಚಿಕ್ಕಂದಿನಲ್ಲಿ ಆಡುತ್ತಿದ್ದ ಹಳೆಯ ಕಂಪ್ಯೂಟರ್ ಆಟವೊಂದಕ್ಕೆ ಧಾರೆಯೆರೆದಿದ್ದ. ಕತ್ತಿ ಹಿಡಿದ ವೀರನಾಗಿ ಊರೂರು ಅಲೆಯುವ ಆಟ ಅದು. ಮಾಡಿದ ಕಂಪನಿ ಎಂದೋ ಬಾಗಿಲು ಮುಚ್ಚಿತ್ತು. ಆಟದ ಫೈಲುಗಳಲ್ಲಿ ಹೂತಿದ್ದ ನಕ್ಷೆಯ ಚಿತ್ರಗಳನ್ನು ಹೊರತೆಗೆದು, ಚೂರುಗಳನ್ನು ಜೋಡಿಸಿ, ಮೇಲೆ ತನ್ನದೇ ಕಥೆ ಕಟ್ಟಿ ಆಟಕ್ಕೆ ಮರುಜೀವ ಕೊಡಬೇಕೆಂಬುದು ಅವನ ಆಸೆ. ಇಂಥ ಆಟಗಳಲ್ಲಿ ಚಿತ್ರ ಒಂದು ಕಡೆ, ಅದರ ಬಣ್ಣಗಳ ಪಟ್ಟಿ ಇನ್ನೊಂದು ಕಡೆ ಇರುತ್ತದೆ. ಅವನು ಹುಲ್ಲುಗಾವಲಿನ ಚಿತ್ರಕ್ಕೆ ಸಮುದ್ರದ ಪಟ್ಟಿ ಅಂಟಿಸಿದ, ಹುಲ್ಲೆಲ್ಲ ನೀಲಿಯಾಯಿತು. ತಪ್ಪು ದೊಡ್ಡದಾಗಿ ಕಾಣಲೆಂದು ಕಚೇರಿಯ ದೊಡ್ಡ ಪ್ರಿಂಟರಿಗೆ ಕಳಿಸಿ ಚಹಾ ಕುಡಿಯಲು ಹೋದ. ಬರುವಷ್ಟರಲ್ಲಿ ಮೇಲ್ವಿಚಾರಕರು ಅದಕ್ಕೆ ಸಹಿ ಹಾಕಿ, ಮೊಹರೊತ್ತಿ, ಗೋಡೆಗೆ ತೂಗುಹಾಕಿಸಿದ್ದರು.

"ಸಾರ್, ಅದು ಆಟದ ನಕ್ಷೆ," ಎಂದ ನಕ್ಷೆಗಾರ.

"ಇರ್ಲಪ್ಪ. ಗಡಿ ಇದೆ, ದಿಕ್ಕು ತೋರ್ಸೋ ಮುಳ್ಳಿದೆ. ಹಳೇದ್ರಲ್ಲಿ ಅದೂ ಇರ್ಲಿಲ್ಲ."

"ಮೂಲೇಲಿ ರಾಕ್ಷಸನ ಗುಹೆ ಇದೆ ಸಾರ್."

"ಸಾರ್ವಜನಿಕ ಸೌಲಭ್ಯ ಅಂತ ಬರ್ಕೊಂಡಿದ್ದೀನಿ."

ಮೇಲ್ವಿಚಾರಕರು ಅಡಿಕೋಲು ಹಿಡಿದು ಪಟ್ಟಣದ ಬೀದಿಗಳನ್ನು ಒಂದೊಂದಾಗಿ ಆ ನಕ್ಷೆಯೊಳಗೆ ಕೂರಿಸಿದರು. ನೀಲಿಯ ನಟ್ಟನಡುವೆ ಬಂದು ಕೂತದ್ದು ನಕ್ಷೆಗಾರನ ಬೀದಿ. ಕೂಡಲೇ ಮನೆಮನೆಗೂ ನೋಟೀಸು ಹೊರಟಿತು: "ಕೆರೆಯ ತಳದಲ್ಲಿ ಅನುಮತಿಯಿಲ್ಲದೆ ವಾಸಿಸುತ್ತಿರುವವರು ಮನೆ ತೆರವು ಮಾಡಿ ದಡಕ್ಕೆ ಬರತಕ್ಕದ್ದು. ಒದ್ದೆಯಾಗಿಲ್ಲವೆಂಬ ನೆಪವನ್ನು ಪರಿಗಣಿಸಲಾಗುವುದಿಲ್ಲ."

ಆ ಮನೆಯನ್ನು ಅವನ ಅಮ್ಮ ಹೊಲಿಗೆ ಯಂತ್ರ ತುಳಿದು ತುಳಿದು ಕಟ್ಟಿಸಿದ್ದಳು. ಕನ್ನಡಕ ಏರಿಸಿಕೊಂಡು ನೋಟೀಸನ್ನು ಪೂರ್ತಿ ಓದಿದಳು.

"ಗೋಡೆ ಏಳೋವಾಗ ನೀರಿಗೆ ಮೂರು ಬೀದಿ ಆಚೆ ಹೋಗ್ತಿದ್ದೆ ಕಣೋ. ಇಲ್ಲೇ ಕೆರೆ ಇದೆ ಅಂತ ಯಾರಾದ್ರೂ ಆಗ್ಲೇ ಹೇಳಬಾರದಿತ್ತಾ?"

ಅವನು ನೋಟೀಸನ್ನು ಮಡಚಿ ಜೇಬಿಗಿಟ್ಟುಕೊಂಡ. ತನ್ನ ಹುಡುಗಾಟಕ್ಕೆ ಅಮ್ಮನ ಸೂರು ಹೋಗುವುದಾದರೆ ಮಗನಾಗಿ ಹುಟ್ಟಿದ್ದಕ್ಕೇನು ಅರ್ಥ? ಮರುದಿನವೇ ಸರಿಯಾದ ಬಣ್ಣದ ಪಟ್ಟಿ ಹುಡುಕಿ ಅಂಟಿಸಿ, ಹೊಸ ಪ್ರತಿ ತೆಗೆದು ಮೇಲ್ವಿಚಾರಕರ ಮುಂದೆ ಹರಡಿದ.

"ಬಣ್ಣ ತಪ್ಪಾಗಿತ್ತು ಸಾರ್. ನೋಡಿ, ಅಲ್ಲಿ ನೀರಿಲ್ಲ. ಎಲ್ಲಾ ಹಸಿರು."

"ಹಸಿರಾ? ಹಾಗಾದ್ರೆ ಕಾಡು," ಎಂದು ಮೇಲ್ವಿಚಾರಕರು ಅದಕ್ಕೂ ಸಹಿ ಹಾಕಿದರು.

ಗಣಪನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು. ಎರಡನೆಯ ನೋಟೀಸು ಇನ್ನೂ ಖಡಕ್ಕಾಗಿತ್ತು: "ಸದರಿ ಕಾಡಿನಲ್ಲಿ ಒಂದೂ ಮರ ಕಾಣದಿರುವುದೇ ನಿವಾಸಿಗಳು ಎಲ್ಲ ಮರಗಳನ್ನು ಕಡಿದಿರುವುದಕ್ಕೆ ಸಾಕ್ಷಿ. ಮನೆ ಕೆಡವುವುದರ ಜೊತೆಗೆ ಜೈಲುವಾಸವೂ ಅನ್ವಯಿಸುತ್ತದೆ."

ಬೀದಿಯವರೆಲ್ಲ ಕಚೇರಿಗೆ ಬಂದು, ತಮಗೆ ಕೆರೆಯನ್ನೇ ವಾಪಸ್ ಕೊಡಿಸಬೇಕೆಂದು ಕೈಮುಗಿದರು. ಇಸ್ತ್ರಿಯವನಂತೂ ತನ್ನ ಅಂಗಡಿ ಮುಂಚಿನಿಂದಲೂ ನೀರಿನಡಿಯೇ ಇತ್ತೆಂದು ಆಣೆಯಿಟ್ಟ. ಮೇಲ್ವಿಚಾರಕರ ಮನಸ್ಸು ಕರಗಿತು.

"ಕೆರೇಲಿ ಮನೆ ಇರೋ ಹಾಗಿಲ್ಲ. ದೋಣಿ ಇರ್ಬಹುದು. ಮನೇನ ದೋಣಿ ಅಂತ ಮಾಡ್ಕೊಡ್ತೀನಿ. ಮೇಜಿನ ಮೇಲೊಂದು ಶುಲ್ಕ, ಕೆಳಗೊಂದು ಶುಲ್ಕ."

ಅಮ್ಮ ಎರಡನ್ನೂ ಕಟ್ಟಿದಳು. ದೋಣಿ ತಪಾಸಣೆಯವರು ಬಂದು ಚಪ್ಪಲಿ ಕೈಯಲ್ಲಿ ಹಿಡಿದು, ಪ್ಯಾಂಟು ಮಡಚಿಕೊಂಡೇ ಒಳಗೆ ಕಾಲಿಟ್ಟರು.

"ಸೋರುತ್ತೇನಮ್ಮ?"

"ಮೇಲಿಂದ ಒಂಚೂರು ಸೋರುತ್ತೆ. ಕೆಳಗಿಂದ ಇಲ್ಲ."

"ಕೆಳಗಿಂದ ಸೋರ್ದೇ ಇದ್ರೆ ಒಳ್ಳೇ ದೋಣಿ," ಎಂದು ಬರೆದುಕೊಂಡು ಹೋದರು.

ಮನೆ ಉಳಿಯಿತು. ಬೀದಿ ದಾಟಿಸುವ ಗುತ್ತಿಗೆ ಮೇಲ್ವಿಚಾರಕರ ಬಾಮೈದನಿಗೆ ಸಿಕ್ಕಿತು. ಅವನು ಹುಟ್ಟು ಹಿಡಿದುಕೊಂಡು ಮುಂದೆ ನಡೆಯುತ್ತಾನೆ, ಚೀಟಿ ಪಡೆದವರು ಹಿಂದೆ ಸಾಲಾಗಿ ನಡೆದು ಎದುರಿನ ಅಂಗಡಿ ಸೇರುತ್ತಾರೆ. ಮೊದಮೊದಲು ಗೊಣಗಿದವರು ಈಗ ತಡವಾದರೆ ಅಲೆ ಜಾಸ್ತಿಯಿರಬೇಕು ಎಂದುಕೊಳ್ಳುತ್ತಾರೆ.

ಒಂದು ಬೆಳಿಗ್ಗೆ ನಕ್ಷೆಗಾರ ಕಚೇರಿಗೆ ಹೊತ್ತಾಯಿತೆಂದು ಅವಸರದಲ್ಲಿ ನೇರ ಬೀದಿಗೆ ಕಾಲಿಟ್ಟ. ಹಿಂದಿನಿಂದ ಅಮ್ಮ ರಟ್ಟೆ ಹಿಡಿದೆಳೆದಳು. ಇನ್ನೊಂದು ಕೈಯಲ್ಲಿ ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.

"ಈಜು ಬರಲ್ಲ ನಿಂಗೆ. ಅಂಬಿಗ ಬರ್ಲಿ, ಇರು."

ಅವನು ಒಂದು ಗಳಿಗೆ ಅವಳ ಮುಖ ನೋಡಿದ. ಆಮೇಲೆ ಕಾಲನ್ನು ಒಳಗೆ ತೆಗೆದುಕೊಂಡು, ಅದಕ್ಕೆ ಹತ್ತಿದ್ದ ಧೂಳು ಕೊಡವಿ, ಬಾಗಿಲಲ್ಲಿ ಕಾಯುತ್ತ ನಿಂತ.