ಮೂಡದ ಗೆರೆ

ತಪ್ಪು ನನ್ನದೂ ಆಗಿರಬಹುದು ಎಂಬ ಸಂಶಯ ನನಗೆ ಯಾವಾಗಲೂ ಕೊನೆಗೇ ಬರುತ್ತದೆ. ಅಷ್ಟರೊಳಗೆ ಕರೆಂಟು, ಸೆಕೆ, ಪಕ್ಕದವರು ಎಲ್ಲರೂ ಬೈಸಿಕೊಂಡಿರುತ್ತಾರೆ. ಧಾರವಾಡದ ಒಂದು ಪ್ರಯೋಗಾಲಯದಲ್ಲಿ ನನ್ನ ಕೆಲಸವೆಂದರೆ ಮನುಷ್ಯರ ಜೀವಕೋಶದೊಳಗಿನ ಕೈನೇಸ್ ಎಂಬ ಪ್ರೋಟೀನನ್ನು ಹುಡುಕುವುದು. ಅದನ್ನು ಹಿಡಿಯಲು, ಯಾವುದಾದರೂ ಪ್ರಾಣಿಯ ಮೈಯಲ್ಲಿ ತಯಾರಿಸಿದ ಒಂದು ಪ್ರತಿಕಾಯ ಬೇಕು. ಹಿಡಿದದ್ದನ್ನು ತೋರಿಸಲು, ಆ ಪ್ರತಿಕಾಯವನ್ನೇ ಹಿಡಿಯುವ ಇನ್ನೊಂದು ಬೇಕು. ಎರಡೂ ಸರಿಯಾಗಿ ಕೂತರೆ ಫಿಲ್ಮಿನ ಮೇಲೆ ಒಂದು ಕಪ್ಪು ಗೆರೆ ಮೂಡುತ್ತದೆ. ನನ್ನ ಎರಡು ವರ್ಷದ ಕೆಲಸ ಆ ಗೆರೆಗಾಗಿ ಕಾದು ಕೂತಿತ್ತು. ಮೂರು ವಾರವಾದರೂ ಅದು ಬರಲಿಲ್ಲ. ಫ್ರಿಜ್ಜಿನಲ್ಲಿಟ್ಟ, ಬೆರಳ ತುದಿಯಷ್ಟು ಪುಟ್ಟ ಪ್ರತಿಕಾಯದ ಶೀಶೆಯನ್ನು ಬೈದೆ. ಕಳಿಸಿದ ಕಂಪನಿಗೆ ಖಾರವಾಗಿ ಬರೆದೆ. ಒಂದು ಶನಿವಾರ ಮಧ್ಯಾಹ್ನ, ಜೊತೆಗೆ ಕೆಲಸ ಮಾಡುವ ಸವಣೂರಿನ ಶಾಂತಕ್ಕನ ಮೇಲೆ ತಿರುಗಿದೆ. “ಫ್ರಿಜ್ಜಿನ ಬಾಗಿಲಾ ಸರಿ ಹಾಕಿದ್ದಿಲ್ಲೇನ್ರಿ ನೀವು?” ನನಗಿಂತ ಹತ್ತು ವರ್ಷ ಹೆಚ್ಚು ಅನುಭವವಿದ್ದ ಅವರು ಕೈಗವಸು ಕಳಚಿಟ್ಟು ಊಟಕ್ಕೆ ಹೋದರು. ನಾನು ಅದೇ ಸಿಟ್ಟಿನಲ್ಲಿ ರಜೆ ಹಾಕಿ ತಿಳವಳ್ಳಿಗೆ, ಅವ್ವನ ಹತ್ತಿರ ಹೊರಟೆ.

ಬಸ್ಸು ಬದಲಿಸಲು ಹಾನಗಲ್ಲಿನಲ್ಲಿ ಇಳಿದಾಗ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಫಕ್ಕೀರಪ್ಪ ಕಾಕಾ ಸಿಕ್ಕರು. ನಾನು ಓದಿದ ಹೈಸ್ಕೂಲಿನ ಲ್ಯಾಬಿನಲ್ಲಿ ಸಿಪಾಯಿಯಾಗಿದ್ದವರು. ಅವರನ್ನು ಕಂಡದ್ದೇ ಸ್ಪಿರಿಟ್ ದೀಪದ ವಾಸನೆ ಮೂಗಿಗೆ ಬಂತು. ಇದ್ದದ್ದು ಒಂದೇ ಬ್ಯುರೆಟ್ಟು, ಅದರ ಮುಂದೆ ಹನ್ನೆರಡು ಹುಡುಗಿಯರ ಸಾಲು. ಕಾಕಾಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಆದರೂ ಯಾವ ಬಾಟಲಿಯನ್ನೇ ಆಗಲಿ, ಮೇಲಿನ ಚೀಟಿಯನ್ನು ಗಟ್ಟಿಯಾಗಿ ಓದದೆ ಮುಟ್ಟಲು ಬಿಡುತ್ತಿರಲಿಲ್ಲ. ನಾವು ಓದುವಾಗ ಕಣ್ಣು ಮುಚ್ಚಿ ಕೇಳುತ್ತಿದ್ದರು. ಲಿಟ್ಮಸ್ ಕಾಗದ ನೀಲಿಯಾದರೆ ನಮಗಿಂತ ಹೆಚ್ಚು ಅವರೇ ಹಿಗ್ಗುತ್ತಿದ್ದರು. ಈಗ ನನ್ನ ಲ್ಯಾಬಿನಲ್ಲಿ ಏಸಿ ಇದೆ. ಹಾಗೆ ಹಿಗ್ಗುವವರು ಯಾರೂ ಇಲ್ಲ.

“ಯಾಕವಾ, ಸೊರಗಿಯಲ್ಲ?” ಎಂದರು. ನನ್ನ ಗೋಳನ್ನೆಲ್ಲ ಹೇಳಿಕೊಂಡೆ.

“ಚೀಟಿ ಓದಿಯೇನು?”

“ಓದದ ಹ್ಯಾಂಗ ಇರ್ತೇನಿ, ಕಾಕಾ?” ಎಂದು ನಕ್ಕೆ. ಕಂಪನಿಗೆ ಕಳಿಸಲೆಂದು ತೆಗೆದ ಎರಡೂ ಶೀಶೆಗಳ ಫೋಟೋಗಳು ಮೊಬೈಲಿನಲ್ಲಿದ್ದವು.

“ಹಂಗಾರ ಈಗೊಮ್ಮೆ ಓದು. ಕೇಳ್ತೇನಿ.” ಕಣ್ಣು ಮುಚ್ಚಿದರು.

ಕನ್ನಡ ಮಾಡಿ ಓದಿದೆ. ಮೊದಲನೆಯದು ಮೊಲದಲ್ಲಿ ತಯಾರಿಸಿದ್ದು. ಎರಡನೆಯದು ಇಲಿಯಲ್ಲಿ ತಯಾರಿಸಿದ್ದನ್ನು ಹಿಡಿಯುವಂಥದ್ದು.

“ಅಲ್ಲವಾ,” ಎಂದರು ಕಾಕಾ ಮೆಲ್ಲಗೆ, “ಇಲಿದು ಹಿಡಿಯೂದು ಮೊಲದ್ದನ್ನ ಹ್ಯಾಂಗ ಹಿಡೀತದ?”

ಚಹಾ ಕೆಳಗಿಟ್ಟು ಎರಡೂ ಚೀಟಿಗಳನ್ನು ಮತ್ತೊಮ್ಮೆ ಓದಿದೆ.

ಸೋಮವಾರ ಫ್ರಿಜ್ಜು ತೆಗೆದರೆ ಮೊಲದ್ದನ್ನು ಹಿಡಿಯುವ ಶೀಶೆ ಪಕ್ಕದಲ್ಲೇ ಕೂತಿತ್ತು. ಮರುದಿನ ಗೆರೆ ಮೂಡಿತು, ಕಾಡಿಗೆಯಷ್ಟು ಕಪ್ಪಗೆ. ತೋರಿಸಲು ಕಾಕಾ ಪಕ್ಕದಲ್ಲಿರಬೇಕಿತ್ತು ಅನ್ನಿಸಿತು. ಕಂಪನಿಗೆ ಕ್ಷಮಾಪಣೆ ಬರೆಯುವುದು ಸುಲಭವಾಯಿತು, ಅವರು ನನ್ನ ಮುಖ ನೋಡಿಲ್ಲ. ಶಾಂತಕ್ಕನ ಎದುರು ನಿಲ್ಲಲು ಮಧ್ಯಾಹ್ನವೇ ಆಯಿತು.

“ತಪ್ಪು ನಂದರಿ, ಅಕ್ಕಾ. ಎರಡನೇ ಶೀಶೆ ಬ್ಯಾರೇದ ಹಾಕಿದ್ದೆ.”

“ಗೊತ್ತೈತ್ರಿ,” ಎಂದರು ಅವರು, ತಲೆ ಎತ್ತದೆ. “ಶನಿವಾರನ ನೋಡಿದ್ದೆ. ಹೇಳಾಕಂತ ಬಂದೆ, ನೀವು ಬೈಯಾಕ ಚಾಲೂ ಮಾಡಿದ್ರಿ. ಊಟ ಮಾಡಿ ಬಂದು ಹೇಳಿದ್ರಾತು ಅಂತ ಹೋದೆ. ಬಂದು ನೋಡಿದ್ರ ನೀವು ಊರಿಗೆ ಹೋಗಿದ್ರಿ.”